ಗುಂಡು ಕಡಿಮೆ ಇದ್ದಾಗ ಅಭ್ಯಾಸ ಕೆಡದಂತೆ ನೋಡಿಕೊಳ್ಳುವುದು ಹೇಗೆ: ಪುಣೆ, ಮುಂಬೈ ಶೂಟರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಗುಂಡಿನ ಕೊರತೆ ಬಂದಾಗಲೆಲ್ಲ ನಮ್ಮ ಹುಡುಗರು ಎರಡೇ ರೀತಿಯಲ್ಲಿ ಕೆಡುತ್ತಾರೆ. ಕೆಲವರು ಎಂದಿನಂತೆ ದಿನಕ್ಕೆ ನೂರು ರೌಂಡ್ ಹೊಡೆದು, ತಿಂಗಳೊಪ್ಪತ್ತಿನಲ್ಲಿ ಬರಿಗೈಯಾಗುತ್ತಾರೆ. ಉಳಿದವರು ಹೊಸ ಸ್ಟಾಕ್ ಬರಲಿ ಎಂದು ಅಭ್ಯಾಸವನ್ನೇ ನಿಲ್ಲಿಸಿ, ಸ್ಪರ್ಧೆಗೆ ವಾರ ಇರುವಾಗ ಇದ್ದದ್ದನ್ನೆಲ್ಲ ಒಮ್ಮೆಗೇ ಸುಟ್ಟುಬಿಡುತ್ತಾರೆ. ನನ್ನ ಕಣ್ಣಿಗೆ ಹೆಚ್ಚು ಅಪಾಯಕಾರಿ ಎರಡನೆಯದು. ಅದು ಉಳಿತಾಯದಂತೆ ಕಾಣುತ್ತದೆ, ಆದ್ದರಿಂದ ಮನೆಯವರೂ ತಡೆಯುವುದಿಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಪುಣೆಯ ಬಾಲೆವಾಡಿಯ 50 ಮೀಟರ್ ರೇಂಜಿನಲ್ಲಿ ನಡೆದದ್ದು ಇದೇ. ಕೋಥ್ರೂಡಿನಲ್ಲಿರುವ ವಿಜಯಪುರ ಕಡೆಯ ಮನೆಯ ಹುಡುಗಿ ಬಂದವಳೇ ಎರಡು ಡಬ್ಬಿ ಮೇಜಿನ ಮೇಲಿಟ್ಟಳು. "ಕಾಕಾ, ಗುಂಡು ಉಳಿಸಾಕಂತ ಮೂರು ವಾರ ರೇಂಜಿಗೇ ಬಂದಿಲ್ಲ ನಾ. ಇವತ್ತ ನೋಡ್ರಿ, ಎರಡೂ ಡಬ್ಬಿ ಹೊಡೀತೀನಿ" ಅಂದಳು. ಮೊದಲ ಹತ್ತರಲ್ಲಿ ಆರು ಗುಂಡು ಎಂಟು ಅಂಕದ ವೃತ್ತದ ಹೊರಗೆ. ಅವಳ ಕೈ ಕೆಟ್ಟಿರಲಿಲ್ಲ, ನಿಲುವು ಮರೆತಿತ್ತು. ಅದಕ್ಕೂ ದೊಡ್ಡ ತಪ್ಪು ಮೇಜಿನ ಮೇಲಿತ್ತು: ಬೇರೆ ಬೇರೆ ಕಂಪನಿಯ ಎರಡು ಲಾಟ್ (ಒಟ್ಟಿಗೆ ತಯಾರಾದ ಗುಂಡಿನ ಕಂತು) ಒಂದೇ ಡಬ್ಬಿಯಲ್ಲಿ ಬೆರೆತಿದ್ದವು. ಯಾವ ಗುಂಡು ಯಾಕೆ ಹೊರಗೆ ಹೋಯಿತು ಎಂದು ದೇವರೇ ಹೇಳಬೇಕು. "ಇನ್ನ ಒಂದೂ ಹಾಕಬ್ಯಾಡವಾ. ಬೋಲ್ಟ್ ತಗದು ಫ್ಲ್ಯಾಗ್ ಹಾಕು, ಬಾ ಕೂಡು" ಅಂದೆ. ಅವತ್ತು ಅವಳಿಗೆ ಕಾಗದದ ಮೇಲೆ ಬರೆದುಕೊಟ್ಟ ಕ್ರಮವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇದು ಕ್ರೀಡಾ ಶೂಟರ್‌ಗಳಿಗಾಗಿ ಬರೆದದ್ದು: 50 ಮೀಟರ್ ರೈಫಲ್, 25 ಮೀಟರ್ ಪಿಸ್ತೂಲು, 10 ಮೀಟರ್ ಏರ್ (ಗಾಳಿಯ ಒತ್ತಡದಿಂದ ಹೊಡೆಯುವ ರೈಫಲ್, ಪಿಸ್ತೂಲು). ಹಂತಗಳ ಕ್ರಮ ಬದಲಿಸಬೇಡಿ. ಲೆಕ್ಕ ಮಾಡದೆ ಡ್ರೈ ಅಭ್ಯಾಸಕ್ಕೆ (ಗುಂಡು ಹಾಕದೆ ಹೊಡೆಯುವ ಅಭ್ಯಾಸಕ್ಕೆ) ಇಳಿದವರು ಹದಿನೈದು ದಿನಕ್ಕೆ ಬೇಸತ್ತು ಬಿಡುತ್ತಾರೆ.

## ಮೊದಲು ಬೇಕಾದ ಸಾಮಾನು

ಉದ್ದ ಸಾಲಿನ ನೋಟ್‌ಬುಕ್ ಒಂದು. ಫೋನಿನಲ್ಲಿ ಬರೆದುಕೊಂಡರೆ ರೇಂಜಿನಲ್ಲಿ ಅದನ್ನು ತೆಗೆದು ನೋಡುವ ಮನಸ್ಸು ಬರುವುದಿಲ್ಲ, ಕಾಗದವೇ ಇರಲಿ. ನಿಮ್ಮ ಆಯುಧಕ್ಕೆ ಸರಿಹೊಂದುವ ಸ್ನ್ಯಾಪ್ ಕ್ಯಾಪ್ (ನಕಲಿ ತೋಟೆ) ಅಥವಾ ಡ್ರೈ ಫೈರಿಂಗ್ ಸಾಧನ, ಸೇಫ್ಟಿ ಫ್ಲ್ಯಾಗ್ (ಒಳಗೆ ಗುಂಡಿಲ್ಲ ಎಂದು ತೋರಿಸಲು ಸಿಕ್ಕಿಸುವ ಗುರುತು), ಮೀಟರ್ ಟೇಪು, ಕಂಪಾಸು, ಕಪ್ಪು ಕಾಗದ, ಟೈಮರ್ ಇರುವ ಫೋನು. ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಹಾಕಲು ಸಿಲಿಕಾ ಜೆಲ್ ಪೊಟ್ಟಣ.

ಸ್ಕ್ಯಾಟ್‌ನಂಥ ಎಲೆಕ್ಟ್ರಾನಿಕ್ ಟ್ರೇನರ್ ಕ್ಲಬ್ಬಿನಲ್ಲಿದ್ದರೆ ವಾರಕ್ಕೊಮ್ಮೆ ಕೇಳಿ ಪಡೆಯಿರಿ. ಬ್ಯಾರೆಲ್ಲಿಗೆ ಸಿಕ್ಕಿಸುವ ಸೆನ್ಸರ್, ಗುರಿ ಎಲ್ಲಿ ಅಲೆದಾಡಿತು, ಟ್ರಿಗರ್ ಬಿಟ್ಟ ಕ್ಷಣಕ್ಕೆ ಎಲ್ಲಿತ್ತು ಎಂದು ಗೆರೆ ಎಳೆದು ತೋರಿಸುತ್ತದೆ. ಸಾಲ ಮಾಡಿ ಕೊಳ್ಳುವ ಅಗತ್ಯ ಇಲ್ಲ. ಈ ಮಾರ್ಗದರ್ಶಿಯ ಬಹುಪಾಲು ಕೆಲಸ ಅದಿಲ್ಲದೆಯೂ ಆಗುತ್ತದೆ.

## ಹಂತ 1: ಎಣಿಸಿ, ಲಾಟ್ ಪ್ರಕಾರ ಬೇರ್ಪಡಿಸಿ

ಇರುವ ಗುಂಡನ್ನೆಲ್ಲ ಒಂದು ಸಂಜೆ ಕೂತು ಎಣಿಸಿ. .22 ಗುಂಡಿನ ಡಬ್ಬಿಯಲ್ಲಿ 50 ಇರುತ್ತವೆ, ಹತ್ತು ಡಬ್ಬಿಯ ಕಟ್ಟಿಗೆ 500. ಒಡೆದ ಡಬ್ಬಿಗಳನ್ನು ಅಂದಾಜಿನಲ್ಲಿ ಬಿಡದೆ ಒಂದೊಂದಾಗಿ ಎಣಿಸಿ. ಡಬ್ಬಿಯ ಅಂಚಿನಲ್ಲಿ ಮುದ್ರಿಸಿರುವ ಲಾಟ್ ನಂಬರನ್ನು ಪುಸ್ತಕಕ್ಕೆ ಇಳಿಸಿ. ಒಂದೇ ಕಂಪನಿಯ ಒಂದೇ ಹೆಸರಿನ ಗುಂಡು ಕೂಡ ಲಾಟ್ ಬದಲಾದರೆ ನಿಮ್ಮ ಬ್ಯಾರೆಲ್ಲಿನಲ್ಲಿ ಬೇರೆಯೇ ಗ್ರೂಪ್ (ಟಾರ್ಗೆಟ್ಟಿನಲ್ಲಿ ಗುಂಡುಗಳು ಬೀಳುವ ಗುಂಪು) ಕೊಡಬಹುದು. ಎಲಿ ಟೆನೆಕ್ಸ್‌ನಂಥ ಸ್ಪರ್ಧೆಯ ಗುಂಡು ಕೊಳ್ಳುವವರು ಹೆಸರನ್ನಷ್ಟೇ ಅಲ್ಲದೆ ಲಾಟನ್ನೂ ನೋಡಿ ಕೊಳ್ಳುವುದು ಅದಕ್ಕಾಗಿಯೇ.

ಮೂರು ರಾಶಿ ಮಾಡಿ. ಚೆನ್ನಾಗಿ ಗ್ರೂಪ್ ಕೊಡುವ, ಸಾಕಷ್ಟು ಸಂಖ್ಯೆಯಿರುವ ಲಾಟ್ ಸ್ಪರ್ಧೆಗೆ. ಸಾಧಾರಣದ್ದು ಅಭ್ಯಾಸಕ್ಕೆ. ಚೂರುಪಾರು ಉಳಿದದ್ದು, ಹಳೆಯದು, ಲಾಟ್ ಗೊತ್ತಿಲ್ಲದ್ದು ಮೂರನೆಯ ರಾಶಿ. ಅದರಿಂದ ಅಂಕ ಲೆಕ್ಕ ಹಾಕಬಾರದು, ಟ್ರಿಗರ್ ಕೆಲಸಕ್ಕೆ ಮಾತ್ರ ಬಳಸಬೇಕು.

ಯಾವ ಲಾಟ್ ಒಳ್ಳೆಯದು ಎಂದು ಗೊತ್ತಿಲ್ಲದಿದ್ದರೆ ಪರೀಕ್ಷೆ ಬೇಕು. ಆದರೆ ಪರೀಕ್ಷೆಯೂ ಗುಂಡು ತಿನ್ನುತ್ತದೆ. ಒಂದು ಲಾಟ್‌ನಲ್ಲಿ 200ಕ್ಕಿಂತ ಕಡಿಮೆ ಇದ್ದರೆ ಪರೀಕ್ಷಿಸದೆ ಅಭ್ಯಾಸದ ರಾಶಿಗೆ ಹಾಕಿ. ಹೆಚ್ಚಿದ್ದರೆ ಆಸರೆಯ ಮೇಲಿಟ್ಟು ಹತ್ತು ಹತ್ತರ ಎರಡು ಗ್ರೂಪ್ ಹೊಡೆಯಿರಿ. ಐದು ಗುಂಡಿನ ಗ್ರೂಪ್ ನೋಡಿ ತೀರ್ಮಾನಿಸಬೇಡಿ, ಅದು ಸುಳ್ಳು ಹೇಳುತ್ತದೆ. ಒಂದು ಬ್ರ್ಯಾಂಡ್‌ನಿಂದ ಇನ್ನೊಂದಕ್ಕೆ ಹೋದಾಗ ಹಳೆಯ ಗುಂಡಿನ ಮೇಣ ಬ್ಯಾರೆಲ್ಲಿನಲ್ಲಿ ಉಳಿದಿರುತ್ತದೆ. ಮೊದಲ ಹತ್ತು ಹದಿನೈದು ಗುಂಡು ಅದನ್ನು ಕಳೆದು ಹೊಸದನ್ನು ಹಚ್ಚುವುದಕ್ಕೇ ಹೋಗುತ್ತವೆ, ಅವನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ. ಕೊರತೆಯ ದಿನಗಳಲ್ಲಿ ಬ್ರ್ಯಾಂಡ್ ಬದಲಿಸುತ್ತಾ ಹೋಗುವುದು ದುಬಾರಿ ಎನ್ನುವುದು ಇದಕ್ಕೇ.

ಪೆಲೆಟ್ (ಏರ್‌ಗನ್ನಿನ ಗುಂಡು) ಹೊಡೆಯುವವರಿಗೆ ಒಂದು ಸುಲಭದ ಕೆಲಸ. ಕಿಟಕಿಯ ಗಾಜಿನ ತುಂಡನ್ನು ಸ್ವಲ್ಪ ಓರೆಯಾಗಿಟ್ಟು ಪೆಲೆಟ್‌ಗಳನ್ನು ಒಂದೊಂದಾಗಿ ಉರುಳಿಸಿ. ಲಂಗದ, ಅಂದರೆ ಹಿಂಬದಿಯ ಅಗಲ ಭಾಗದ, ಅಂಚು ಸರಿಯಿದ್ದದ್ದು ಒಂದೇ ವಕ್ರದಲ್ಲಿ ನಯವಾಗಿ ಉರುಳುತ್ತದೆ, ನೆಗ್ಗಿದ್ದು ಕುಂಟುತ್ತಾ ಪಕ್ಕಕ್ಕೆ ಹೋಗುತ್ತದೆ. ನೆಗ್ಗಿದವನ್ನು ಸೈಟರ್‌ಗೆ (ಅಂಕಕ್ಕೆ ಸೇರದ, ಸೈಟ್ ಸರಿಪಡಿಸಲು ಹೊಡೆಯುವ ಗುಂಡಿಗೆ) ಕೂಡ ಬಳಸಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಅದು ಸೀಸ. ಗುಂಡು ತಡೆಯುವ ಪೆಟ್ಟಿಗೆಯಿಂದ ಹೊಡೆದ ಪೆಲೆಟ್ ಆರಿಸಿ ಮತ್ತೆ ಹಾಕುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಬ್ಯಾರೆಲ್ ಕೆಡುತ್ತದೆ.

## ಹಂತ 2: ವಾರದ ಪಡಿ ಕಟ್ಟಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೈಯಲ್ಲಿ 1000 ರೌಂಡ್ .22, ಮುಂದೆ 12 ವಾರ, ಎರಡು ಸ್ಪರ್ಧೆ. 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಈಗ ಮಂಡಿಯೂರಿ 20, ಮಲಗಿ 20, ನಿಂತು 20, ಒಟ್ಟು 60 ಗುಂಡು. ಸೈಟರ್ ಸೇರಿಸಿ ಒಂದು ಸ್ಪರ್ಧೆಗೆ 90 ಇಡಿ. ಎರಡಕ್ಕೆ 180. ಅದೇ ಲೆಕ್ಕದಲ್ಲಿ ಎರಡು ಪೂರ್ಣ ಅಣಕು ಸ್ಪರ್ಧೆಗೆ 180. ಸೈಟ್ ಜರುಗಿದಾಗ, ಬೋಲ್ಟ್ ರಿಪೇರಿಯಾಗಿ ಬಂದಾಗ ನೋಡಲು 40. ಇಷ್ಟಕ್ಕೆ 400 ಹೋಯಿತು. ಉಳಿದ 600ನ್ನು 12 ವಾರಕ್ಕೆ ಹಂಚಿದರೆ ವಾರಕ್ಕೆ 50, ಅಂದರೆ ಒಂದು ಡಬ್ಬಿ.

ಮೀಸಲು ಮೊದಲು ತೆಗೆದಿಡಿ, ಉಳಿದದ್ದನ್ನು ಆಮೇಲೆ ಹಂಚಿ. ನಮ್ಮ ಅಮ್ಮಂದಿರು ಸಂಬಳ ಬಂದ ದಿನವೇ ಬಾಡಿಗೆ, ಶಾಲೆಯ ಫೀಜು ತೆಗೆದಿಟ್ಟು ಆಮೇಲೆ ದಿನಸಿಗೆ ಹೋಗುತ್ತಿದ್ದ ಹಾಗೆ. ಸ್ಪರ್ಧೆಯ 180 ಗುಂಡಿರುವ ಡಬ್ಬಿಗಳಿಗೆ ಟೇಪು ಸುತ್ತಿ ಮೇಲೆ ತಾರೀಖು ಬರೆಯಿರಿ. ಟೇಪು ಕೀಳುವ ಮುನ್ನ ಕೈ ಒಮ್ಮೆ ತಡೆಯುತ್ತದೆ, ಅಷ್ಟು ಸಾಕು.

ಒಂದು ವಾರದ ಪಡಿ ಉಳಿದರೆ ಮುಂದಿನ ವಾರಕ್ಕೆ ಸೇರಿಸಬೇಡಿ, ಮೀಸಲಿಗೆ ಹಾಕಿ. ಸೇರಿಸುತ್ತಾ ಹೋದರೆ ಒಂದು ವಾರ ಏನೂ ಇಲ್ಲ, ಒಂದು ವಾರ 100 ಎನ್ನುವ ಹಳೆಯ ಚಾಳಿ ಮರಳುತ್ತದೆ.

ಕಾನೂನಿನ ಮಾತೂ ಇಲ್ಲೇ ಹೇಳುತ್ತೇನೆ. ಗೆಳೆಯನ ಲೈಸೆನ್ಸಿನ ಮೇಲೆ ಬಂದ ಗುಂಡನ್ನು ಸಾಲ ತರುವುದು, ನಿಮ್ಮದನ್ನು ಕೊಡುವುದು ಸಕ್ಕರೆ ಕಡ ತಂದ ಹಾಗಲ್ಲ. 1959ರ ಆಯುಧ ಕಾಯ್ದೆಯಲ್ಲಿ ಗುಂಡೂ ಆಯುಧದಷ್ಟೇ ಲೆಕ್ಕಕ್ಕೆ ಬರುತ್ತದೆ. ಕ್ಲಬ್ ಕೊಟ್ಟ ಗುಂಡಿನಲ್ಲಿ ಉಳಿದದ್ದನ್ನು ರೇಂಜಿನಲ್ಲೇ ಮರಳಿಸಿ, ಜೇಬಿನಲ್ಲಿಟ್ಟುಕೊಂಡು ಲೋಕಲ್ ಹತ್ತಬೇಡಿ. "ಯಾರೋ ತಯಾರಿಸಿ ಕೊಡುತ್ತಾರಂತೆ" ಎನ್ನುವ ಗುಂಡಿನ ಹತ್ತಿರವೂ ಹೋಗಬೇಡಿ. .22 ತೋಟೆಯಲ್ಲಿ ಕಿಡಿಮದ್ದು ಅಂಚಿನ ಒಳಗಿರುತ್ತದೆ, ಒಮ್ಮೆ ಹೊಡೆದ ಖಾಲಿ ತೋಟೆಯನ್ನು ಮತ್ತೆ ತುಂಬಿಸುವ ವಸ್ತುವಲ್ಲ ಅದು.

## ಹಂತ 3: ಇದ್ದದ್ದನ್ನು ಮಳೆಗಾಲದಿಂದ ಕಾಪಾಡಿ

ಪುಣೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮುಂಬೈ, ಗೋವಾದವರಿಗೆ ಗೊತ್ತು, ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ನಾನು ಮಾಟುಂಗಾದಲ್ಲಿ ಬಾಡಿಗೆಗಿದ್ದಾಗ ಒಂದು ಮಳೆಗಾಲ ಮೂರು ಡಬ್ಬಿ ಪೆಲೆಟ್‌ಗಳನ್ನು ಬಾಲ್ಕನಿ ಪಕ್ಕದ ಕಪಾಟಿನಲ್ಲಿಟ್ಟು ಮರೆತಿದ್ದೆ. ಗಣೇಶ ಚತುರ್ಥಿಗೆ ತೆಗೆದು ನೋಡಿದರೆ ಮೇಲೆಲ್ಲ ಬೂದುಬಿಳಿ ಪುಡಿ. ಸಾವಿರದ ಐದುನೂರು ಪೆಲೆಟ್ ಹಾಳು.

ಕಂಪನಿಯ ಡಬ್ಬಿಯಲ್ಲೇ ಇರಲಿ, ಅದನ್ನು ಗಾಳಿಯಾಡದ ಡಬ್ಬಿಯೊಳಗಿಡಿ, ಸಿಲಿಕಾ ಜೆಲ್ ಹಾಕಿ, ಬೀಗವಿರುವ ಕಪಾಟಿನ ನಡು ಅಂಕಣದಲ್ಲಿಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಆಯುಧ ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡು ಬೀಗ. ಮಳೆಯಲ್ಲಿ ನೆಂದು ಬಂದ ದಿನ ಡಬ್ಬಿ ಒರೆಸದೆ ಒಳಗಿಡಬೇಡಿ.

## ಹಂತ 4: ಮನೆಯಲ್ಲಿ ಡ್ರೈ ಅಭ್ಯಾಸ

ಕೊರತೆಯ ಕಾಲದ ಮುಖ್ಯ ಊಟ ಇದು. ರೇಂಜಿನಲ್ಲಿ ಹೊಡೆಯುವ ಗುಂಡು ಉಪ್ಪಿನಕಾಯಿ. ಬಹಳ ಜನ ಇದನ್ನು ತಲೆಕೆಳಗು ಮಾಡಿಕೊಂಡಿರುತ್ತಾರೆ.

ಸುರಕ್ಷತೆ, ಪ್ರತಿ ಸಲ, ಇದೇ ಕ್ರಮದಲ್ಲಿ. ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿ, ಬೀಗದೊಳಗೆ. ಬೋಲ್ಟ್ ತೆರೆದು ಚೇಂಬರನ್ನು (ಗುಂಡು ಕೂರುವ ಜಾಗವನ್ನು) ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಮ್ಯಾಗಜೀನ್ ಇದ್ದರೆ ತೆಗೆದು ಅದನ್ನೂ ನೋಡಿ. ಗುರಿ ಹಚ್ಚಿದ ಗೋಡೆಯ ಆಚೆ ಯಾರ ಕೋಣೆ ಎಂದು ತಿಳಿದಿರಲಿ, ಹೊರಗೋಡೆಯಾದರೆ ಒಳ್ಳೆಯದು. ಯಾರಾದರೂ ಕರೆದರೆ, ಬಾಗಿಲು ಬಡಿದರೆ ಫ್ಲ್ಯಾಗ್ ಹಾಕಿ ಕೆಳಗಿಡಿ. ವಾಪಸ್ ಬಂದ ಮೇಲೆ ಎಲ್ಲವನ್ನೂ ಮೊದಲಿಂದ ಮತ್ತೆ ನೋಡಿ. ಅಭ್ಯಾಸ ಮುಗಿಯಿತು ಎಂದರೆ ಮುಗಿಯಿತು. "ಇನ್ನೊಂದೇ ಒಂದು" ಎಂದು ಪೆಟ್ಟಿಗೆಯಿಂದ ಮತ್ತೆ ತೆಗೆಯುವುದರಲ್ಲೇ ಅನಾಹುತಗಳು ಆಗುತ್ತವೆ.

ಕಿಟಕಿಯ ಪರದೆ ಎಳೆಯಿರಿ. ನಮ್ಮ ಕಟ್ಟಡಗಳಲ್ಲಿ ಎದುರು ಮನೆಯ ಅಡುಗೆಮನೆ ನಮ್ಮ ಹಾಲ್‌ನಿಂದ ಇಪ್ಪತ್ತು ಅಡಿಯೂ ಇರುವುದಿಲ್ಲ. ಪಿಸ್ತೂಲು ಹಿಡಿದು ನಿಂತ ನೆರಳು ಕಂಡವರು ಪೊಲೀಸರಿಗೆ ಫೋನ್ ಮಾಡಿದರೆ ಅವರ ತಪ್ಪಲ್ಲ. ಸೊಸೈಟಿಯ ಕಾರ್ಯದರ್ಶಿಗೂ ಅಕ್ಕಪಕ್ಕದವರಿಗೂ ಮೊದಲೇ ಒಂದು ಮಾತು ಹೇಳಿಡಿ.

ಆಯುಧಕ್ಕೆ ಪೆಟ್ಟಾಗದಂತೆ. .22 ರೈಫಲ್, ಪಿಸ್ತೂಲುಗಳಲ್ಲಿ ಚೇಂಬರ್ ಖಾಲಿ ಬಿಟ್ಟು ಟ್ರಿಗರ್ ಎಳೆದರೆ ಪಿನ್ನು ಚೇಂಬರಿನ ಅಂಚಿಗೇ ಬಡಿಯಬಹುದು. ಸ್ನ್ಯಾಪ್ ಕ್ಯಾಪ್ ಹಾಕಿ, ಸವೆದಾಗ ಬದಲಿಸಿ. ಮ್ಯಾಚ್ ಏರ್ ರೈಫಲ್, ಏರ್ ಪಿಸ್ತೂಲುಗಳಲ್ಲಿ ಡ್ರೈ ಫೈರಿಂಗ್ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ, ಅದನ್ನೇ ಬಳಸಿ. ಸ್ಪ್ರಿಂಗ್ ಏರ್‌ಗನ್ ಅನ್ನು ಪೆಲೆಟ್ ಇಲ್ಲದೆ ಎಂದೂ ಹೊಡೆಯಬೇಡಿ, ಪಿಸ್ಟನ್ ಬಡಿದು ಒಡೆಯುತ್ತದೆ.

ಗುರಿಯ ಅಳತೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಹೆಚ್ಚೆಂದರೆ 5 ಮೀಟರ್ ಸಿಗುತ್ತದೆ. ಹಾಲ್‌ನ ಮೂಲೆಯಿಂದ ಅಡುಗೆಮನೆಯ ಬಾಗಿಲ ತನಕ. ಅಲ್ಲಿ ಪೂರ್ತಿ ಗಾತ್ರದ ಟಾರ್ಗೆಟ್ ಅಂಟಿಸಿದರೆ ಕಣ್ಣು ತಪ್ಪು ಚಿತ್ರ ಕಲಿಯುತ್ತದೆ. ಕಪ್ಪು ವೃತ್ತವನ್ನು ದೂರಕ್ಕೆ ತಕ್ಕಂತೆ ಕುಗ್ಗಿಸಬೇಕು. 10 ಮೀಟರ್ ಏರ್ ರೈಫಲ್ ಟಾರ್ಗೆಟ್ಟಿನ ಕಪ್ಪು 30.5 ಮಿ.ಮೀ., 5 ಮೀಟರ್‌ಗೆ ಅದರ ಅರ್ಧ, ಸುಮಾರು 15 ಮಿ.ಮೀ. ಏರ್ ಪಿಸ್ತೂಲಿನ ಕಪ್ಪು 59.5, ಅರ್ಧ ಮಾಡಿದರೆ ಸುಮಾರು 30. 50 ಮೀಟರ್ ರೈಫಲ್ಲಿನದು 112.4, 5 ಮೀಟರ್‌ನಲ್ಲಿ ಹತ್ತನೆಯ ಒಂದು ಭಾಗ, 11 ಮಿ.ಮೀ. ಚಿಲ್ಲರೆ. 25 ಮೀಟರ್ ಪಿಸ್ತೂಲಿನ ಪ್ರಿಸಿಷನ್ ಟಾರ್ಗೆಟ್ಟಿನದು 200, 5 ಮೀಟರ್‌ನಲ್ಲಿ 40. ಕಂಪಾಸಿನಿಂದ ವೃತ್ತ ಎಳೆದು ಕಪ್ಪು ಕಾಗದ ಕತ್ತರಿಸಿ, ಮಂಕು ಬಿಳಿ ಹಾಳೆಯ ಮೇಲೆ ಅಂಟಿಸಿ. ರೇಂಜಿನ ಎತ್ತರಕ್ಕೆ ಸಿಕ್ಕಿಸಿ. ಬೆಳಕು ಹಾಳೆಯ ಮೇಲೆ ಬೀಳಲಿ, ನಿಮ್ಮ ಕಣ್ಣಿಗಲ್ಲ.

ನಲವತ್ತು ನಿಮಿಷದ ಕೂಟ. ಮೊದಲ ಹತ್ತು ನಿಮಿಷ ಖಾಲಿ ಗೋಡೆ. ಗುರಿಯೇ ಬೇಡ. ನಿಲುವು ಹಿಡಿದು, ಫ್ರಂಟ್ ಸೈಟ್ ಮಾತ್ರ ನೋಡುತ್ತಾ ಟ್ರಿಗರ್ ಬಿಡಿ. ಸೈಟ್ ಅಲ್ಲಾಡಿತೇ ಇಲ್ಲವೇ ಎನ್ನುವುದೊಂದೇ ಪ್ರಶ್ನೆ. ಗುರಿ ಕಂಡ ಕೂಡಲೆ ಬೆರಳು ಅವಸರಿಸುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಆಮೇಲೆ ಹತ್ತು ನಿಮಿಷ ಹೋಲ್ಡಿಂಗ್. ಟ್ರಿಗರ್ ಮುಟ್ಟದೆ, ಗುರಿಯ ಮೇಲೆ 15 ಸೆಕೆಂಡು ಹಿಡಿದು ಇಳಿಸಿ, 45 ಸೆಕೆಂಡು ವಿಶ್ರಾಂತಿ. ಕಣ್ಣು ಮುಚ್ಚಿ ನಿಲುವು ಹಿಡಿದು ತೆರೆದಾಗ ಸೈಟ್ ಎಲ್ಲಿದೆ ನೋಡಿ. ಎಡಕ್ಕೋ ಬಲಕ್ಕೋ ಸರಿದಿದ್ದರೆ ಕೈಯಿಂದ ಎಳೆಯದೆ ಪಾದ ಸರಿಸಿ.

ಕೊನೆಯ ಇಪ್ಪತ್ತು ನಿಮಿಷ ಪೂರ್ತಿ ಹೊಡೆತ. ಹೆಚ್ಚೆಂದರೆ ಮೂವತ್ತು. ಪ್ರತಿಯೊಂದರಲ್ಲೂ ಉಸಿರು, ಎತ್ತುವುದು, ಇಳಿಸಿ ನಿಲ್ಲಿಸುವುದು, ಬಿಡುವುದು, ಬಿಟ್ಟ ಮೇಲೂ ಎರಡು ಸೆಕೆಂಡು ಅಲ್ಲೇ ಇರುವುದು. ಟಕ್ ಎಂದ ಕ್ಷಣ ಸೈಟ್ ಎಲ್ಲಿತ್ತು ಎಂದು ಗಟ್ಟಿಯಾಗಿ ಹೇಳಿ: "ಒಂಬತ್ತು, ಬಲಕ್ಕೆ." ಗುಂಡಿಲ್ಲ, ಆದ್ದರಿಂದ ಸುಳ್ಳು ಹೇಳುವ ಆಸೆಯಾಗುತ್ತದೆ. ಹೇಳಬೇಡಿ. ಹತ್ತು ಸೆಕೆಂಡು ದಾಟಿದರೂ ಬಿಡಲಾಗದಿದ್ದರೆ ಇಳಿಸಿ, ಮತ್ತೆ ಎತ್ತಿ. ಗುಂಡು ಕಡಿಮೆಯಿರುವ ಕಾಲದಲ್ಲಿ ಇಳಿಸುವುದನ್ನು ಕಲಿತವನು ಸ್ಪರ್ಧೆಯಲ್ಲೂ ಕೆಟ್ಟ ಗುಂಡು ಬಿಡುವುದಿಲ್ಲ.

25 ಮೀಟರ್ ಪಿಸ್ತೂಲಿನ ರ್‍ಯಾಪಿಡ್ ಭಾಗಕ್ಕೆ ಟೈಮರ್ ಹಚ್ಚಿ: 7 ಸೆಕೆಂಡು ಕೈ ಕೆಳಗೆ 45 ಡಿಗ್ರಿಯಲ್ಲಿ, 3 ಸೆಕೆಂಡಿನೊಳಗೆ ಎತ್ತಿ ಒಂದು ಹೊಡೆತ, ಹೀಗೆ ಐದು. ಪ್ರತಿ ಸಲ ಕಾಕ್ ಮಾಡಬೇಕಾದ ಪಿಸ್ತೂಲಾದರೆ ಹಿಡಿತ ಕೆಡುತ್ತದೆ. ಅಂಥವರು ಎತ್ತುವುದನ್ನಷ್ಟೇ ಮಾಡಿ, ಟ್ರಿಗರ್ ಐದನೆಯದಕ್ಕೆ ಮಾತ್ರ ಬಿಡಿ.

ಟ್ರ್ಯಾಪ್‌ನಲ್ಲಿ (ಹಾರುವ ಬಿಲ್ಲೆಗೆ ಹೊಡೆಯುವ ಸ್ಪರ್ಧೆಯಲ್ಲಿ) ನನ್ನ ಅನುಭವ ಕಡಿಮೆ, ಅದನ್ನು ಹೊಡೆಯುವವರಿಗೆ ಒಂದೇ ಮಾತು: ಖಾಲಿ ಬಂದೂಕು ಎತ್ತಿ ಕೆನ್ನೆಗೆ ತರುವುದನ್ನು ಕನ್ನಡಿಯೆದುರು ಮಾಡಿ, ಗೋಡೆಯೂ ತಾರಸಿಯೂ ಕೂಡುವ ಗೆರೆಯ ಗುಂಟ ನಳಿಗೆ ಸರಾಗವಾಗಿ ಜಾರಲಿ.

ವಾರಕ್ಕೆ ನಾಲ್ಕು ಸಲ ಸಾಕು. ದಿನಾ ಇನ್ನೂರು ಟಕ್ ಟಕ್ ಮಾಡುವವರು ಟ್ರಿಗರ್ ಬಡಿಯುವುದನ್ನೇ ಕಲಿಯುತ್ತಾರೆ.

## ಹಂತ 5: ರೇಂಜಿನಲ್ಲಿ ಒಂದು ಡಬ್ಬಿ

ವಾರದ 50 ಗುಂಡು ಒಂದೇ ದಿನ ಹೊಡೆಯುವುದೋ, ಎರಡು ದಿನ 25 25 ಹೊಡೆಯುವುದೋ? ರೇಂಜು ಹತ್ತಿರವಿದ್ದರೆ ಎರಡು ದಿನ. ಡೊಂಬಿವಲಿಯಿಂದ ವರ್ಳಿಗೆ ಲೋಕಲ್‌ನಲ್ಲಿ ಕಿಟ್ ಹೊತ್ತು ಬರುವವರಿಗೆ ಒಂದೇ ದಿನ ಆಗಲಿ, ದಣಿದು ಬಂದು ಹೊಡೆದ 25 ವ್ಯರ್ಥ.

ರೇಂಜಿಗೆ ಒಯ್ಯುವುದು ಆ ದಿನದ ಗುಂಡು ಮಾತ್ರ. ಇಡೀ ಕಟ್ಟು ಚೀಲದಲ್ಲಿದ್ದರೆ ಕೆಟ್ಟ ಸಿರೀಸ್ (ಹತ್ತು ಗುಂಡಿನ ಸುತ್ತು) ಬಂದಾಗ ಕೈ ಅದರತ್ತ ಹೋಗಿಯೇ ಹೋಗುತ್ತದೆ.

ಮೊದಲ ಇಪ್ಪತ್ತು ನಿಮಿಷ ಲೇನ್‌ನಲ್ಲಿ ಡ್ರೈ. ನಂತರ ಸೈಟರ್ ಇಲ್ಲದೆ ಒಂದೇ ಗುಂಡು, ಸ್ಪರ್ಧೆಯ ಮೊದಲ ಗುಂಡೆಂದು ತಿಳಿದು. ಅದರ ಅಂಕವನ್ನು ಪುಸ್ತಕದಲ್ಲಿ ಬೇರೆಯೇ ಸಾಲಿನಲ್ಲಿ ಬರೆಯಿರಿ. ಹನ್ನೆರಡು ವಾರದಲ್ಲಿ ಆ ಸಾಲು ಹೇಳುವುದನ್ನು ನೂರು ಸಿರೀಸ್ ಹೇಳಲಾರವು. ಆಮೇಲೆ ಐದರಿಂದ ಒಂಬತ್ತು ಸೈಟರ್, ಸೈಟ್ ಸರಿಪಡಿಸಲು.

ಮುಂದಿನ 30 ಗುಂಡಿಗೆ "ಮೂರು ಖಾಲಿ, ಒಂದು ನಿಜ". ಮೂರು ಡ್ರೈ ಹೊಡೆತ ಪೂರ್ತಿ ವಿಧಿಯಿಂದ ಮಾಡಿ, ನಾಲ್ಕನೆಯದಕ್ಕೆ ಗುಂಡು ಹಾಕಿ. ಹೀಗೆ 30 ಗುಂಡಿನಲ್ಲಿ 120 ಹೊಡೆತದ ಕೆಲಸ ಆಗುತ್ತದೆ. ನಿಜದ್ದು ಬಂದಾಗ ಹೆಗಲು ಬಿಗಿಯಾಯಿತೇ, ಉಸಿರು ಬದಲಾಯಿತೇ ಗಮನಿಸಿ. ಬದಲಾಗುತ್ತದೆ. ನೀವು ಹುಡುಕುತ್ತಿರುವುದು ಆ ಬದಲಾವಣೆಯನ್ನೇ.

ಪ್ರತಿ ನಿಜ ಗುಂಡಿಗೂ ಮಾನಿಟರ್ ನೋಡುವ ಮುನ್ನ ಹೇಳಿಕೆ ಬರೆಯಿರಿ. ಎರಡು ಅಂಕಣ: ಹೇಳಿದ್ದು, ಬಿದ್ದದ್ದು. ನನ್ನ ಪುಸ್ತಕದ ಒಂದು ಪುಟ ಹೀಗಿದೆ: "9 ಕೆಳಗೆ, 8.8 ಕೆಳಗೆ. 10, 10.4. 10, 8.9 ಎಡ. 10, 10.1." ಮೂರನೆಯದನ್ನು ನೋಡಿ, ಹೇಳಿದ್ದು ಹತ್ತು, ಬಿದ್ದದ್ದು ಎಡಕ್ಕೆ. ಇಂಥದ್ದು ಮತ್ತೆ ಮತ್ತೆ ಬಂದರೆ ಮೂರರಲ್ಲೊಂದು: ಬಿಡುವ ಕ್ಷಣ ಕಣ್ಣು ಮಿಟುಕಿದೆ, ಗಾಳಿ ತಿರುಗಿದೆ, ಇಲ್ಲವೇ ಗುಂಡು ಕೆಟ್ಟದ್ದು. ಲಾಟ್ ಬೆರೆತಿದ್ದರೆ ಮೂರರಲ್ಲಿ ಯಾವುದು ಎಂದು ಕಂಡುಹಿಡಿಯಲು ಆಗುವುದೇ ಇಲ್ಲ. ಹಂತ 1ರ ಮೇಲೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೆ.

ಕೊನೆಯ ಹತ್ತು ಅಂಕಕ್ಕಾಗಿ. ಸ್ಪರ್ಧೆಯ ವೇಗದಲ್ಲಿ ಒಂದು ಸಿರೀಸ್. ಅದು ಕೆಟ್ಟರೂ ಸರಿ, ಡಬ್ಬಿ ಮುಗಿಯಿತು ಎಂದು ಎದ್ದು ಬನ್ನಿ.

ಪಿಸ್ತೂಲಿನವರಿಗೆ ಇನ್ನೊಂದು: ಜೊತೆಗಾರ ಪಕ್ಕದಲ್ಲಿ, ನಳಿಗೆಗಿಂತ ಹಿಂದೆ ನಿಂತು, ನಿಮಗೆ ಕಾಣದಂತೆ ಕೆಲವು ಸಲ ಗುಂಡು, ಕೆಲವು ಸಲ ಸ್ನ್ಯಾಪ್ ಕ್ಯಾಪ್ ತುಂಬಿ ಕೊಡಲಿ. ಖಾಲಿ ಬಂದಾಗ ಮೂತಿ ಕೆಳಕ್ಕೆ ಕುಕ್ಕಿದರೆ, ಗುಂಡು ಸಿಡಿದಾಗ ಕೈಗೆ ಬಡಿಯುವ ಧಕ್ಕೆಗೆ ಮೊದಲೇ ನೀವು ಹೆದರುತ್ತಿದ್ದೀರಿ. ಹತ್ತು ಗುಂಡಿನಲ್ಲಿ ಕಾಯಿಲೆ ತಿಳಿಯುತ್ತದೆ. ರೇಂಜ್ ಅಧಿಕಾರಿಯನ್ನು ಕೇಳಿಯೇ ಮಾಡಿ.

## ಹಂತ 6: ಏರ್‌ನಿಂದ ತುಂಬಿಸಿ, ಎಚ್ಚರದಿಂದ

.22 ಸಿಗದಿದ್ದರೂ ಪೆಲೆಟ್ ಸಾಮಾನ್ಯವಾಗಿ ಸಿಗುತ್ತದೆ, 500ರ ಡಬ್ಬಿಯ ಬೆಲೆಯೂ ಕಡಿಮೆ. ನಿಂತು ಹೊಡೆಯುವ ರೈಫಲ್‌ನವರಿಗೆ ಏರ್ ರೈಫಲ್ ಚಿನ್ನ. 10 ಮೀಟರ್ ಟಾರ್ಗೆಟ್ಟಿನ ಹತ್ತು ಕೇವಲ 0.5 ಮಿ.ಮೀ. ಚುಕ್ಕೆ, ನಿಲುವಿನ ಸಣ್ಣ ತಪ್ಪನ್ನೂ ಬಿಡುವುದಿಲ್ಲ.

ಪಿಸ್ತೂಲಿನವರು ಇಲ್ಲಿ ಎಡವುತ್ತಾರೆ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿನದು 1000. ತಿಂಗಳುಗಟ್ಟಲೆ ಏರ್ ಮಾತ್ರ ಹೊಡೆದ ಬೆರಳು .22 ಹಿಡಿದಾಗ ಅರ್ಧಕ್ಕೇ ನಿಂತು, ಆಮೇಲೆ ಕಿತ್ತುಬಿಡುತ್ತದೆ. ಆದ್ದರಿಂದ ಏರ್ ಅಭ್ಯಾಸದ ದಿನವೂ ಕೊನೆಗೆ 1000 ಗ್ರಾಂ ಪಿಸ್ತೂಲಿನಲ್ಲಿ ಇಪ್ಪತ್ತು ಡ್ರೈ ಮಾಡಿ. ಏರ್ ಸಿಲಿಂಡರಿನ ಮೇಲಿನ ತಾರೀಖೂ ನೋಡಿಕೊಳ್ಳಿ, ಅವಧಿ ಮೀರಿದ್ದನ್ನು ಸ್ಪರ್ಧೆಗೆ ಬಿಡುವುದಿಲ್ಲ.

## ಹಂತ 7: ಇನ್ನೊಬ್ಬರ ಗುಂಡಿನಿಂದ ಗಾಳಿ ಕಲಿಯಿರಿ

ಡ್ರೈ ಅಭ್ಯಾಸ ಕಲಿಸದ ಒಂದೇ ದೊಡ್ಡ ವಿಷಯ 50 ಮೀಟರಿನ ಗಾಳಿ. ಅದಕ್ಕೂ ನಿಮ್ಮ ಗುಂಡು ಬೇಡ. ಚೆನ್ನಾಗಿ ಹೊಡೆಯುವವರ ಹಿಂದೆ, ಅನುಮತಿ ಕೇಳಿ, ಕುರ್ಚಿ ಹಾಕಿ ಕೂತುಕೊಳ್ಳಿ. ಬಾವುಟ ನೋಡಿ ಪ್ರತಿ ಗುಂಡಿಗೆ ಮೊದಲು ಬರೆಯಿರಿ: ಎಡಕ್ಕೋ, ಬಲಕ್ಕೋ, ಎಷ್ಟು. ಅವರು ಹೊಡೆದ ಮೇಲೆ ಮಾನಿಟರ್ ನೋಡಿ. ಬಾವುಟ ತಿರುಗುವ ಮುನ್ನ ಅವರು ರೈಫಲ್ ಇಳಿಸಿದರೇ? ಅದನ್ನೂ ಗುರುತು ಹಾಕಿ. ಎರಡು ಗಂಟೆಯಲ್ಲಿ ಐವತ್ತು ಗುಂಡಿನ ಪಾಠ ಪುಕ್ಕಟೆ. ನಿಮ್ಮ ಪಡಿಯಿಂದ ತಿಂಗಳಿಗೆ ಒಂದು ಡಬ್ಬಿಯನ್ನು ಗಾಳಿ ಜೋರಿರುವ ಮಧ್ಯಾಹ್ನಕ್ಕೆಂದೇ ಇಡಿ. ಬೆಳಗಿನ ಶಾಂತ ಹೊತ್ತಿನಲ್ಲೇ ಯಾವಾಗಲೂ ಹೊಡೆದರೆ ಅಂಕ ಚೆನ್ನಾಗಿ ಕಾಣುತ್ತದೆ, ಸ್ಪರ್ಧೆಯಲ್ಲಿ ನಿಮ್ಮ ಸರದಿ ಮಧ್ಯಾಹ್ನ ಬಂದಾಗ ಕಣ್ಣು ಕತ್ತಲೆ ಬರುತ್ತದೆ.

## ಹಂತ 8: ಅಣಕು ಸ್ಪರ್ಧೆ ಮತ್ತು ಕೊನೆಯ ವಾರ

ಮೊದಲ ಅಣಕು ಸ್ಪರ್ಧೆ ಆರನೆಯ ವಾರ, ಎರಡನೆಯದು ಹತ್ತನೆಯ ವಾರ. ಪೂರ್ತಿ ಸಮಯ, ಪೂರ್ತಿ ಉಡುಪು, ಸ್ಪರ್ಧೆಗಿಟ್ಟ ಲಾಟ್‌ನಿಂದಲೇ. ಅಭ್ಯಾಸದ ಗುಂಡಿನಲ್ಲಿ ಅಣಕು ಸ್ಪರ್ಧೆ ಹೊಡೆದರೆ ಸೈಟಿನ ಕ್ಲಿಕ್ ಲೆಕ್ಕ ಸ್ಪರ್ಧೆಗೆ ಬರುವುದಿಲ್ಲ.

ಕೊನೆಯ ವಾರ ಪಡಿ ಹೆಚ್ಚಿಸಬೇಡಿ. ಸ್ಪರ್ಧೆಯ ಲಾಟ್‌ಗೆ ಬ್ಯಾರೆಲ್ ಹೊಂದಲು ಹದಿನೈದು, ಸೈಟ್ ನೋಡಲು ಹತ್ತು. ಉಳಿದದ್ದೆಲ್ಲ ಡ್ರೈ.

## ನಿಲ್ಲಿಸಿ ನೋಡಬೇಕಾದ ಸೂಚನೆಗಳು

ಹಳೆಯ ಗುಂಡು ಬಳಸುವ ದಿನಗಳಲ್ಲಿ ಇದನ್ನು ಬಾಯಿಪಾಠ ಮಾಡಿ. ಟ್ರಿಗರ್ ಬಿಟ್ಟೂ ಗುಂಡು ಸಿಡಿಯದಿದ್ದರೆ ನಳಿಗೆಯನ್ನು ಟಾರ್ಗೆಟ್ಟಿನ ಕಡೆಯೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ಅಧಿಕಾರಿಯನ್ನು ಕರೆಯಿರಿ. ಸದ್ದು ಪುಸ್ ಎಂದು ಸಣ್ಣದಾಗಿ ಬಂದರೆ, ಧಕ್ಕೆ ಕಡಿಮೆ ಅನಿಸಿದರೆ, ಟಾರ್ಗೆಟ್ಟಿನಲ್ಲಿ ಗುಂಡು ಕಾಣದಿದ್ದರೆ ಮುಂದಿನ ಗುಂಡು ಹಾಕಲೇಬೇಡಿ. ಹಿಂದಿನದು ಬ್ಯಾರೆಲ್ಲಿನಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಉಬ್ಬುತ್ತದೆ, ಒಡೆಯಲೂಬಹುದು. ಗುಂಡು ಉಳಿಸುವ ಅವಸರದಲ್ಲಿ "ನೋಡೋಣ, ಇನ್ನೊಂದು ಹಾಕು" ಎಂದವರ ಪಕ್ಕದ ಲೇನ್‌ನಲ್ಲಿ ನಾನು ನಿಂತಿದ್ದೆ. ಅಂದು ಯಾರಿಗೂ ಪೆಟ್ಟಾಗಲಿಲ್ಲ. ಅವರ ಬ್ಯಾರೆಲ್ ಮಾತ್ರ ಉಳಿಯಲಿಲ್ಲ.

ಡ್ರೈಯಲ್ಲಿ ಸೈಟ್ ನಿಶ್ಚಲ, ನಿಜ ಗುಂಡಿನಲ್ಲಿ ಗ್ರೂಪ್ ಹರಡಿದರೆ ಧಕ್ಕೆಯ ಭಯ. "ಮೂರು ಖಾಲಿ, ಒಂದು ನಿಜ"ವನ್ನು ಎರಡು ವಾರ ಹೆಚ್ಚಿಸಿ. ಮಲಗಿ ಹೊಡೆದಾಗ ಗ್ರೂಪ್ ಮೇಲೆ ಕೆಳಗೆ ಉದ್ದವಾದರೆ ಮೊದಲು ಉಸಿರು ನೋಡಿ, ಅದು ಸರಿಯಿದ್ದರೆ ಆ ಲಾಟ್ ಅನ್ನು ಅನುಮಾನಿಸಿ. ಅಡ್ಡಡ್ಡ ಹರಡಿದರೆ ಪಾದ, ಗಾಳಿ, ಬೆರಳು, ಈ ಕ್ರಮದಲ್ಲಿ ನೋಡಿ. ಮಣಿಕಟ್ಟು, ಕುತ್ತಿಗೆ, ಸೊಂಟದ ನೋವು ಮರುದಿನವೂ ಉಳಿದರೆ ಡ್ರೈ ಹೆಚ್ಚಾಗಿದೆ, ಎರಡು ದಿನ ಬಿಡಿ. ಪುಸ್ತಕದಲ್ಲಿ "ಹೇಳಿದ್ದು" ಅಂಕಣದ ತುಂಬ ಬರೀ ಹತ್ತುಗಳೇ ಕಾಣತೊಡಗಿದರೆ ನೀವು ನೋಡುವುದನ್ನು ಬಿಟ್ಟಿದ್ದೀರಿ.

## ಹೊಸ ಸ್ಟಾಕ್ ಬಂದ ಮೇಲೆ

ಡಬ್ಬಿ ಬಂದ ದಿನ ಹೊಡೆಯಬೇಡಿ. ಎಣಿಸಿ, ಲಾಟ್ ಬರೆದು, ಲೈಸೆನ್ಸಿನಲ್ಲಿ ನಮೂದಾದ ಸಂಖ್ಯೆಗೆ ತಾಳೆ ನೋಡಿ, ಹಳೆಯದರಿಂದ ಬೇರೆ ಇಡಿ. ಮೊದಲ ವಾರ ಹತ್ತು ಹತ್ತರ ಎರಡು ಗ್ರೂಪ್ ಪರೀಕ್ಷೆ, ಉಳಿದ ಅಭ್ಯಾಸ ಹಳೆಯದರಲ್ಲೇ. ಪಡಿಯನ್ನು ವಾರಕ್ಕೆ ಒಂದು ಡಬ್ಬಿಯಿಂದ ಒಂದೂವರೆಗೆ, ಎರಡು ವಾರದ ನಂತರ ಎರಡಕ್ಕೆ ಏರಿಸಿ. ಏರಿಸಿದ ಮೇಲೆ ಮೊದಲ ಗುಂಡಿನ ಸಾಲು ಇಳಿದರೆ ಒಂದು ಡಬ್ಬಿಗೇ ಮರಳಿ.

ಕೋಥ್ರೂಡಿನ ಆ ಹುಡುಗಿಗೆ ದೀಪಾವಳಿ ಹೊತ್ತಿಗೆ ಎರಡು ಕಟ್ಟು ಗುಂಡು ಸಿಕ್ಕಿತು. ಈಗಲೂ ಶನಿವಾರ ಒಂದೇ ಡಬ್ಬಿ ತರುತ್ತಾಳೆ, ಅದರ ಮುಚ್ಚಳದ ಮೇಲೆ ಪೆನ್ನಿನಲ್ಲಿ ಲಾಟ್ ನಂಬರು, ತಾರೀಖು.